ಬದಲಕ್ಕನ ಕೆಂಪು ವಾರ

ಮಕ್ಕಳ ವಾರ್ಡಿನ ಹಿರಿಯ ನರ್ಸಮ್ಮನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಸಂಬಳದ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಆಕೆ ಬದಲಕ್ಕ. ಡ್ಯೂಟಿ ಬದಲಾಯಿಸಿಕೊಡುವ ಅಕ್ಕ, ಅದಕ್ಕೇ ಬದಲಕ್ಕ.

ಆಸ್ಪತ್ರೆ ಅಂದಮೇಲೆ ಡ್ಯೂಟಿ ಪಟ್ಟಿ ಅಂತ ಒಂದು ಇರಲೇಬೇಕು, ಅದು ಯಾರಿಗೂ ಒಪ್ಪಿಗೆಯಾಗಬಾರದು. ಒಬ್ಬಳಿಗೆ ಭಾನುವಾರ ಡ್ಯೂಟಿ ಬೇಡ, ಗಂಡ ಮನೆಯಲ್ಲಿರ್ತಾನೆ. ಇನ್ನೊಬ್ಬಳಿಗೆ ಭಾನುವಾರವೇ ಡ್ಯೂಟಿ ಬೇಕು, ಕಾರಣ ಅದೇ. ಇಂಥ ಇಬ್ಬರನ್ನು ಹುಡುಕಿ ಗಂಟು ಹಾಕೋದರಲ್ಲಿ ಬದಲಕ್ಕ ಎತ್ತಿದ ಕೈ. ಔಷಧಿ ಟ್ರಾಲಿ ತಳ್ಳುತ್ತಾ ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಹೋಗುವಷ್ಟರಲ್ಲಿ ಎರಡು ನೈಟು, ಒಂದು ಮಾರ್ನಿಂಗು ಕೈ ಬದಲಾಗಿರುತ್ತಿದ್ದವು. ಮದುವೆ ದಲ್ಲಾಳಿಗಳೂ ಇಷ್ಟು ಜೋಡಿ ಮಾಡಿರಲಿಕ್ಕಿಲ್ಲ.

ಆಕೆಯದೊಂದು ಕಟ್ಟುನಿಟ್ಟಿತ್ತು. ಎದುರಿನವಳು "ಹೂಂ, ನಿನ್ನ ಡ್ಯೂಟಿ ನಾನು ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳುವವರೆಗೆ ಪಟ್ಟಿಯ ಮೇಲೆ ಪೆನ್ನು ಇಡಬಾರದು. "ಮೊದಲು ಆಳು, ಆಮೇಲೆ ಸಹಿ" ಅಂತ ಹೊಸದಾಗಿ ಬಂದ ನರ್ಸುಗಳಿಗೆ ಗಿಳಿಪಾಠ ಮಾಡಿಸುತ್ತಿದ್ದಳು. ಗಾಳಿಯನ್ನು ನಂಬಿ ಸಹಿ ಹಾಕಿದರೆ ಎರಡು ಡ್ಯೂಟಿನೂ ನಿಮ್ಮ ತಲೆಗೇ ಬರುತ್ತೆ ಅನ್ನೋದು ಆಕೆಯ ಅನುಭವ.

ಇನ್ನೊಂದು ವಿಶೇಷ ಆಕೆಯ "ನೋಡೋಣ". ಲೋಕದಲ್ಲಿ ಯಾರಾದರೂ ನೋಡೋಣ ಅಂದರೆ ಏನರ್ಥ ಅಂತ ಮಗುವಿಗೂ ಗೊತ್ತು: ಆಸೆ ಬಿಡು ಅಂತ. ಆದರೆ ವಾರ್ಡಿನಲ್ಲಿ ಬದಲಕ್ಕ ನೋಡೋಣ ಅಂದರೆ ಕೆಲಸ ಆಯಿತು ಅಂತಲೇ ಅರ್ಥ. ಕೇಳಿದವರು ಆಗಲೇ ಬಟ್ಟೆ ಜೋಡಿಸಿಕೊಳ್ಳಲು ಓಡುತ್ತಿದ್ದರು. ಅದೇ ನೋಡೋಣವನ್ನು ಆಕೆ ಮನೆಯಲ್ಲಿ ಅಂದಾಗ ಮಾತ್ರ ಲೋಕದ ಅರ್ಥವೇ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆ ಮಾಡಿದವರು ಇಂಥವರನ್ನು ನೋಡಿಯೇ ಮಾಡಿರಬೇಕು.

ಆ ಲೋಕದ ಅರ್ಥ ಉಣ್ಣುತ್ತಾ ಬಂದವನು ಆಕೆಯ ಗಂಡ. ಆತ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಸ್ಕೂಲಿಗೆ ರಜೆ ಬಿಟ್ಟಾಗಷ್ಟೇ ಅವನಿಗೂ ಬಿಡುವು. ಅವನಿಗೆ ಇದ್ದದ್ದು ಒಂದೇ ಒಂದು ಆಸೆ, ಹೆಂಡತಿ ಜತೆ ಸಮುದ್ರದಲ್ಲಿ ಮೊಣಕಾಲುದ್ದ ನೀರಲ್ಲಿ ನಿಲ್ಲಬೇಕು ಅಂತ. ಹಿಂದೊಮ್ಮೆ ಮಕ್ಕಳನ್ನು ಪ್ರವಾಸ ಕರಕೊಂಡು ಸಮುದ್ರಕ್ಕೆ ಹೋಗಿದ್ದನೇನೋ ನಿಜ. ಮೇಷ್ಟ್ರು ಮಕ್ಕಳು ಎಲ್ಲ ನೀರಿಗಿಳಿದರು, ಇವನು ವ್ಯಾನಿನಲ್ಲಿ ಕೂತು ಅವರ ಚಪ್ಪಲಿ ಕಾದ. ಮುಂದಿನ ಗಾಜಿನಿಂದ ಕಂಡದ್ದು ಬೆರಳಗಲದ ನೀಲಿ. "ಸಮುದ್ರ ಹೇಗಿತ್ತು?" ಅಂತ ಬದಲಕ್ಕ ಕೇಳಿದಾಗ "ಚಪ್ಪಲಿ ವಾಸನೆ ಇತ್ತು" ಅಂದಿದ್ದ.

ಈಗ ಗೋಳು ಕೇಳಿ. ಸ್ಕೂಲ್ ರಜೆಯ ವಾರ ಅಂದರೆ ಆಸ್ಪತ್ರೆಯಲ್ಲಿ ಹೊಡೆದಾಟ. ಮಕ್ಕಳಿರುವ ನರ್ಸುಗಳಿಗೆಲ್ಲ ಅದೇ ವಾರ ಬೇಕು. ಬದಲಕ್ಕ ಹಿರಿಯಳು, ಆ ವಾರದ ರಜೆ ವರ್ಷವೂ ನ್ಯಾಯವಾಗಿ ಆಕೆಗೇ ಬರುತ್ತಿತ್ತು. ಬಂದ ಕೂಡಲೇ ಯಾರಾದರೂ ಮೂಗು ಒರೆಸಿಕೊಳ್ಳುತ್ತಾ ಬರುತ್ತಿದ್ದರು. "ಅಕ್ಕಾ, ತಂಗಿ ಮದುವೆ." "ಅಕ್ಕಾ, ಮಗು ಅಜ್ಜಿ ಅಜ್ಜಿ ಅಂತ ಹಟ ಮಾಡ್ತಿದೆ." ಬದಲಕ್ಕ "ನೋಡೋಣ" ಅನ್ನುತ್ತಿದ್ದಳು, ವಾರ ಹೋಗುತ್ತಿತ್ತು. ಬದಲಿಗೆ ಸಿಗುತ್ತಿದ್ದದ್ದು ಯಾರಿಗೂ ಬೇಡದ ಮಳೆಗಾಲದ ವಾರ, ಇಲ್ಲವೇ ಪರೀಕ್ಷೆ ತಿಂಗಳಿನ ವಾರ. ಆಗ ವ್ಯಾನ್ ಮಾಮನಿಗೆ ಉಸಿರಾಡಲು ಬಿಡುವಿಲ್ಲ. ಆಕೆ ಒಬ್ಬಳೇ ಮನೆಯಲ್ಲಿ ಕೂತು ಡಬ್ಬಿಗಳನ್ನೆಲ್ಲ ತೊಳೆದು ಮತ್ತೆ ಅದೇ ಜಾಗಕ್ಕೆ ಇಡುತ್ತಿದ್ದಳು. "ಮುಂದಿನ ವರ್ಷ ಖಂಡಿತ ಹೋಗೋಣ ರೀ" ಅನ್ನುತ್ತಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಮುಂದಿನ ವರ್ಷ ಇನ್ನೂ ಬಂದಿಲ್ಲ.

ಈ ಸಲ ಗಂಡ ಬುದ್ಧಿವಂತಿಕೆ ಮಾಡಿದ. ಮಾತಾಡದೆ ಪೇಟೆಗೆ ಹೋಗಿ ಹೆಂಡತಿಗೆ ಒಂದು ಅಗಲ ಅಂಚಿನ ಟೋಪಿ ತಂದು, ಆಕೆ ಡ್ಯೂಟಿಗೆ ಹೊರಡುವಾಗ ಕೈಚೀಲ ತೆಗೆದುಕೊಳ್ಳುವ ಮೊಳೆಗೇ ನೇತುಹಾಕಿದ. ಬದಲಕ್ಕನಿಗೆ ದಿನಾ ಟೋಪಿ ಸರಿಸದೆ ಚೀಲ ಸಿಗುತ್ತಿರಲಿಲ್ಲ. "ಈ ವರ್ಷ ಏನೇ ಆಗಲಿ ಹೋಗೋದೇ" ಅಂತ ಟೋಪಿಗೇ ಮಾತು ಕೊಟ್ಟಳು.

ಹಾಗೆ ಮಾತು ಕೊಟ್ಟ ಮೇಲೆ ಬಂದಳು ನೋಡಿ ಅವಳಿಯಮ್ಮ. ಅವಳೂ ಅದೇ ವಾರ್ಡಿನ ನರ್ಸು, ಅವಳಿ ಗಂಡು ಮಕ್ಕಳ ತಾಯಿ. ಅವೆರಡೂ ಮನೆಯ ಗೋಡೆ ಹತ್ತುವಂಥವು. "ಅಕ್ಕಾ, ಆ ವಾರ ನನಗೆ ಬಿಟ್ಟುಕೊಡ್ತೀಯಾ? ತವರಿಗೆ ಹೋಗಿ ಎರಡು ವರ್ಷ ಆಯ್ತು. ಅಮ್ಮ ಇವನ್ನ ಹಿಡಕೊಂಡ್ರೆ ನಾನು ಒಂದು ವಾರ ಕಣ್ತುಂಬ ನಿದ್ದೆ ಮಾಡ್ತೀನಿ." ಕಣ್ಣ ಕೆಳಗಿನ ಕಪ್ಪು ಸುಳ್ಳು ಹೇಳುತ್ತಿರಲಿಲ್ಲ. ಬದಲಕ್ಕನ ನಾಲಿಗೆ, ಅದರ ಮನೆ ಹಾಳಾಗ, ತಾನಾಗಿಯೇ ಹೊರಳಿತು: "ನೋಡೋಣ ಬಿಡೇ."

ಆ ಸಂಜೆ ಟೋಪಿಯ ಕಡೆ ತಲೆಯೆತ್ತಿ ನೋಡಲಾಗಲಿಲ್ಲ. ಗಂಡನಿಗೆ ಹೇಳುವ ಬಾಯೂ ಬರಲಿಲ್ಲ. ಅಷ್ಟರಲ್ಲಿ ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಯಾವುದೋ ರಜಾ ಕ್ಲಬ್ಬಿನಿಂದ ಫೋನು. ಅದೃಷ್ಟದ ದಂಪತಿಗಳಾಗಿ ಆಯ್ಕೆಯಾಗಿದ್ದೀರಿ, ಬಂದು ನಮ್ಮ ಯೋಜನೆ ಕೇಳಿದರೆ ಸಾಕು, ಡಿನ್ನರ್ ಸೆಟ್ ಉಚಿತ, ಸದಸ್ಯರಾದರೆ ಜೀವಮಾನವಿಡೀ ವರ್ಷಕ್ಕೊಂದು ವಾರ ರೆಸಾರ್ಟಿನಲ್ಲಿ ವಾಸ. ಬದಲಕ್ಕ ಲೆಕ್ಕ ಹಾಕಿದಳು: ಜೀವಮಾನದ ಸಮುದ್ರವನ್ನೇ ಕೊಡಿಸಿಬಿಟ್ಟರೆ ಈ ಒಂದು ವರ್ಷದ್ದು ಹೋದರೆ ಆತ ಬೇಜಾರು ಮಾಡಿಕೊಳ್ಳುತ್ತಾನೆಯೇ? ಕಹಿ ಮಾತ್ರೆಯನ್ನು ಸಕ್ಕರೆಯಲ್ಲಿ ಅದ್ದಿ ಕೊಡುವುದು ಮಕ್ಕಳ ವಾರ್ಡಿನವರಿಗೆ ಹೇಳಿಕೊಡಬೇಕೇ!

ಭಾನುವಾರ ಇಬ್ಬರೂ ಹೋದರು. ಹೋಟೆಲೊಂದರ ನೆಲಮಾಳಿಗೆಯ ದೊಡ್ಡ ಹಾಲ್. ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಶವಾಗಾರವೇ ವಾಸಿ ಅಂತ ಬದಲಕ್ಕ ಗೊಣಗಿದಳು. ದುಂಡು ಮೇಜುಗಳು, ಒಂದೊಂದರ ಸುತ್ತ ಒಂದೊಂದು ದಂಪತಿ, ಒಬ್ಬೊಬ್ಬ ಟೈ ಕಟ್ಟಿದವನು. ಯಾರಾದರೂ ಸಹಿ ಹಾಕಿದರೆ ಮೂಲೆಯಲ್ಲಿ ಗಂಟೆ ಬಾರಿಸುತ್ತಿದ್ದರು, ಟೈಗಳೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದವು. ಇವರ ಪಾಲಿಗೆ ಬಂದ ಮಹಾಶಯನ ಟೈ ಮೇಲೆ ಪುಟ್ಟ ಪುಟ್ಟ ದೋಣಿಗಳಿದ್ದವು. ಅವನು ಮೂಗಿಗೆ ತುಪ್ಪ ಸವರುವುದರಲ್ಲಿ ನಿಸ್ಸೀಮ.

"ಸರ್, ಮೇಡಂ, ನಮ್ಮಲ್ಲಿ ವಾರಗಳಿಗೆ ಬಣ್ಣ ಇದೆ. ಸ್ಕೂಲ್ ರಜೆ ಟೈಮು ಕೆಂಪು ವಾರ, ಎಲ್ಲರಿಗೂ ಅದೇ ಬೇಕು, ಹಾಗಾಗಿ ರೇಟು ಜಾಸ್ತಿ. ಮಳೆಗಾಲದ್ದು ನೀಲಿ ವಾರ, ಅಗ್ಗ. ನೀವು ಜಾಣರು. ಗುಡ್ಡದ ಮೇಲೆ ನಮ್ಮ ರೆಸಾರ್ಟ್ ಇದೆ, ಅಲ್ಲಿ ಅಗ್ಗದ ನೀಲಿ ವಾರ ತಗೊಳ್ಳಿ."

"ನಮಗೆ ಬೇಕಾಗಿರೋದು ಸಮುದ್ರ" ಅಂದ ವ್ಯಾನ್ ಮಾಮ. "ಅದೂ ಸ್ಕೂಲ್ ರಜೇಲಿ."

"ಅಲ್ಲೇ ಇರೋದು ಸರ್ ಮಜಾ! ನಿಮ್ಮ ನೀಲಿ ವಾರ ಕೊಟ್ಟು ಸಮುದ್ರದ ಕೆಂಪು ವಾರ ಬದಲಾಯಿಸ್ಕೊಳ್ಳಿ. ಅದಕ್ಕೇ ಅಂತ ವಿನಿಮಯ ಕಂಪನಿ ಇದೆ. ಪ್ರಪಂಚದ ಯಾವ ರೆಸಾರ್ಟಿಗೆ ಬೇಕಾದ್ರೂ ಬದಲಿ!"

ಬದಲಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಬದಲಕ್ಕ ಕುರ್ಚಿಯಲ್ಲಿ ನೆಟ್ಟಗಾದಳು. ಆಸ್ಪತ್ರೆಯ ನಾಲ್ಕು ವಾರ್ಡಿನಲ್ಲಿ ತಾನು ಮಾಡುತ್ತಿದ್ದುದನ್ನು ಇವರು ಪ್ರಪಂಚಕ್ಕೆಲ್ಲ ಮಾಡುತ್ತಿದ್ದಾರಂತೆ! ಆಕೆಯ ಮುಖ ಅರಳಿದ್ದು ನೋಡಿ ಗಂಡ ಮುಖ ಬಾಡಿಸಿಕೊಂಡ. ಆ ಅರಳುವಿಕೆ ಅವನಿಗೆ ಹಳೇ ಪರಿಚಯ.

"ನನ್ನ ವಾರಾನ ಯಾರಿಗೆ ಕೊಡಬೇಕು?" ಅಂತ ಕೇಳಿದಳು.

"ಯಾರಿಗೂ ಅಲ್ಲ ಮೇಡಂ, ಪೂಲ್‌ಗೆ ಹಾಕ್ತೀರಿ."

"ನನಗೆ ಈಜು ಬರಲ್ಲಪ್ಪ."

"ಆ ಪೂಲ್ ಅಲ್ಲ ಮೇಡಂ. ಎಲ್ಲ ಸದಸ್ಯರ ವಾರಾನೂ ಒಂದೇ ಕಡೆ ಸೇರಿಸಿಡೋದು. ಮೊದಲು ನಿಮ್ಮ ವಾರ ಅಲ್ಲಿಗೆ ಹಾಕಬೇಕು, ಆಮೇಲೆ ನಿಮಗೆ ಬೇಕಾದ್ದನ್ನ ಕೇಳ್ಕೊಬೇಕು."

"ಕೇಳಿದ ಕೂಡಲೇ ಸಿಗುತ್ತಾ?" ಇದು ವ್ಯಾನ್ ಮಾಮ.

"ಲಭ್ಯತೆಗೆ ಒಳಪಟ್ಟು, ಸರ್."

"ಹಾಗಂದ್ರೆ?"

"ಅಂದ್ರೆ... ಇದ್ರೆ ಸಿಗುತ್ತೆ."

"ಇಲ್ದಿದ್ರೆ?"

"ಮುಂದಿನ ವರ್ಷ ಸರ್, ಖಂಡಿತ!"

ವ್ಯಾನ್ ಮಾಮ ಹೆಂಡತಿಯನ್ನೊಮ್ಮೆ ನೋಡಿ ಗಲ್ಲ ಕೆರೆದುಕೊಂಡ. ಆಮೇಲೆ ವ್ಯಾನಿನ ಬ್ರೇಕು ಒತ್ತಿ ಪರೀಕ್ಷಿಸುವವನ ಹಾಗೆ ಒಂದೊಂದೇ ಕೇಳಿದ. ನಾವು ಹೋದರೂ ಬಿಟ್ಟರೂ ರೆಸಾರ್ಟಿನ ನಿರ್ವಹಣೆ ದುಡ್ಡು ವರ್ಷಾವರ್ಷ ಕಟ್ಟಬೇಕಾ? ಕಟ್ಟಬೇಕು, ಅದು ಏರುತ್ತಲೂ ಹೋಗುತ್ತೆ. ವಿನಿಮಯ ಕಂಪನಿಯೂ ಇದೂ ಒಂದೇನಾ? ಅಲ್ಲ, ಅದಕ್ಕೆ ಬೇರೆ ಸದಸ್ಯತ್ವ, ಪ್ರತಿ ಬದಲಿಗೂ ಬೇರೆ ಶುಲ್ಕ. ನೀಲಿ ವಾರಕ್ಕೆ ಕೆಂಪು ವಾರ ಕೊಟ್ಟೇ ಕೊಡ್ತಾರಾ? "ಹಾಕಿದ ವಾರಕ್ಕೆ ಎಷ್ಟು ಬೆಲೆ ಇದೆಯೋ ಅಷ್ಟು ಬೆಲೇದು ಸಿಗುತ್ತೆ ಸರ್. ಆದ್ರೆ ಕೆಲವರಿಗೆ ಅದೃಷ್ಟ ಇರುತ್ತೆ." ಹೀಗಂದು ಮಹಾಶಯ ಹಣೆಯ ಬೆವರು ಒರೆಸಿಕೊಂಡ, ಆ ಎ.ಸಿ.ಯಲ್ಲೂ.

ಬದಲಕ್ಕನಿಗೆ ಇದ್ಯಾವುದೂ ತಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಬೇಡದ ನೈಟ್ ಡ್ಯೂಟಿಗಳನ್ನೇ ದಾಟಿಸಿದವಳಿಗೆ ಒಂದು ಮಳೆಗಾಲದ ವಾರ ದಾಟಿಸೋದು ಯಾವ ಮಹಾ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಯಾರಾದರೂ ಎಚ್ಚರಿಸಿದ್ದರೂ ಆಕೆ ಹುಣಸೆಹಣ್ಣನ್ನೂ ಬದಲಾಯಿಸಿಕೊಂಡೇ ಬರುತ್ತಿದ್ದಳು. "ಕೊಡಪ್ಪ ಪೆನ್ನು" ಅಂದಳು. ಮಹಾಶಯನ ಕಣ್ಣು ಗಂಟೆಯ ಕಡೆ ಹೋಯಿತು. ಪೆನ್ನಿನ ಮುಚ್ಚಳ ತೆಗೆದಳು, ಕಾಗದದ ಮೇಲೆ ಬಾಗಿದಳು, ತಟಕ್ಕನೆ ನಿಂತಳು.

"ತಾಳು. ಮೊದಲು ಆಳು, ಆಮೇಲೆ ಸಹಿ."

"ಮೇಡಂ?"

"ನನ್ನ ನೀಲಿ ವಾರ ತಗೊಳ್ಳೋ ಆಳು ಗೊತ್ತಾಗಬೇಕಲ್ಲ. ಇಷ್ಟೊಂದು ಜನ ಇದ್ದಾರೆ, ಈಗ್ಲೇ ಮಾತಾಡಿ ಬಂದ್ಬಿಡ್ತೀನಿ. ನಿಮ್ಮ ಕಂಪ್ಯೂಟರಿಗ್ಯಾಕೆ ತೊಂದರೆ?" ಅಂದವಳೇ ಪೆನ್ನು ಕೈಯಲ್ಲಿ ಹಿಡಿದು ಎದ್ದೇಬಿಟ್ಟಳು. ಮಹಾಶಯ "ಮೇಡಂ, ಮೇಡಂ" ಅನ್ನುತ್ತಾ ಹಿಂದೆ ಓಡಿದ.

ಪಕ್ಕದ ಮೇಜಿನಲ್ಲಿ ಬಟ್ಟೆ ಅಂಗಡಿಯ ದಂಪತಿ. "ಅಮ್ಮಾ, ಗುಡ್ಡದ ಮೇಲಿನ ಮಳೆಗಾಲದ ವಾರ ಇದೆ, ತಗೋತೀರಾ? ನನಗೆ ರಜೆ ಟೈಮಿನ ಸಮುದ್ರ ಕೊಟ್ಟರೆ ಸಾಕು" ಅಂದಳು ಬದಲಕ್ಕ. ಅಂಗಡಿಯಮ್ಮ ಕಣ್ಣರಳಿಸಿದಳು. "ಅಯ್ಯೋ, ನಮಗೂ ಅದೇ ಗುಡ್ಡದ ಮಳೆಗಾಲ ಕೊಡ್ತಿದ್ದಾರೆ ಕಣ್ರೀ. ಅದನ್ನ ಕೊಟ್ಟು ಸಮುದ್ರದ ಕೆಂಪು ತಗೊಳ್ಳಿ ಅಂದ್ರು."

ಅದರಾಚೆ ಮೇಜಿನಲ್ಲಿ ಟೀಚರಮ್ಮ, ಗಂಡ, ಪೆನ್ನು ಕೈಯಲ್ಲಿ. ಅವರದೂ ನೀಲಿ. ಅವರಿಗೂ ಬೇಕಾದದ್ದು ಸಮುದ್ರ, ಸ್ಕೂಲ್ ರಜೆ. ಅದರಾಚೆ ಮೇಜೂ ನೀಲಿ. ಬದಲಕ್ಕ ಬಿಡುವವಳಲ್ಲ, ಟ್ರಾಲಿ ಇಲ್ಲ ಅನ್ನೋದೊಂದು ಬಿಟ್ಟರೆ ವಾರ್ಡ್ ರೌಂಡ್ಸೇ. ಹಾಲಿಡೀ ನೀಲಿಯೋ ನೀಲಿ. ಕೆಂಪು ಕೊಡುವ ಒಬ್ಬ ಪುಣ್ಯಾತ್ಮನಿಲ್ಲ. ಮೇಜಿನಿಂದ ಮೇಜಿಗೆ ಗುಸುಗುಸು ಹಬ್ಬಿತು, ಕುರ್ಚಿಗಳು ಒಂದರ ಕಡೆ ಒಂದು ತಿರುಗಿದವು. ಕೊನೆಗೆ ಅಂಗಡಿಯಮ್ಮನೇ ಹಾಲಿಗೆಲ್ಲ ಕೇಳುವ ಹಾಗೆ ಅಂದಳು: "ಅಲ್ಲಾ, ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರ್ರೀ?"

ಮೂಲೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಜ್ಯೂಸು ಕುಡಿಯುತ್ತಾ ಕೂತಿದ್ದರು. "ನನಗೆ ಮಳೆಗಾಲವೇ ಇಷ್ಟಮ್ಮ" ಅಂದರು. ಬದಲಕ್ಕನಿಗೆ ಕಳೆದುಹೋದ ಬಂಧು ಸಿಕ್ಕಷ್ಟು ಸಂತೋಷ. "ತಗೊಳ್ಳಿ ಹಾಗಾದ್ರೆ, ಅಣ್ಣಾ!" ಆತ ಸ್ಟ್ರಾ ಬಾಯಿಂದ ತೆಗೆಯದೆ ಅಂದರು: "ಯಾಕಮ್ಮ? ಮಳೆಗಾಲದಲ್ಲಿ ಆ ರೂಮುಗಳು ಖಾಲಿ ಬಿದ್ದಿರ್ತವೆ, ಅರ್ಧ ಬಾಡಿಗೆಗೆ ಕರೆದು ಕೊಡ್ತಾರೆ. ಹೋದ ವರ್ಷ ಇದ್ದು ಬಂದೆ. ಅದಕ್ಕೆ ಸದಸ್ಯ ಬೇರೆ ಆಗಬೇಕಾ? ಡಿನ್ನರ್ ಸೆಟ್ಟಿಗೆ ಬಂದೋನು ನಾನು."

ಬದಲಕ್ಕ ಪೆನ್ನಿಗೆ ಮುಚ್ಚಳ ಹಾಕಿ ತನ್ನ ಮೇಜಿಗೆ ಬಂದು ಕೂತಳು. ಬದಲಿ ಹುಡುಕಲು ಹೋಗಿ ಆಕೆ ಬರಿಗೈಲಿ ಬಂದದ್ದು ಜೀವಮಾನದಲ್ಲಿ ಇದೇ ಮೊದಲು. "ಬೇಜಾರಾಗಬೇಡಿ ಮೇಡಂ, ನಾಲ್ಕೈದು ವರ್ಷ ಕಾದ್ರೆ..." ಅಂತ ಮಹಾಶಯ ಶುರು ಮಾಡಿದ.

ವ್ಯಾನ್ ಮಾಮ ಅವನ ಭುಜ ತಟ್ಟಿದ. "ನೀನು ಸುಮ್ಮನಿರಪ್ಪ, ನಮಗೆ ಇದೆಲ್ಲ ಹೊಸದಲ್ಲ. ಇವಳ ಹತ್ರ ಇಂಥದ್ದೇ ಕಂಪನಿ ಇದೆ. ಇಪ್ಪತ್ತೇಳು ವರ್ಷದಿಂದ ನಾನದರ ಸದಸ್ಯ. ವರ್ಷಾವರ್ಷ ನಮ್ಮ ಕೆಂಪು ವಾರ ಪೂಲ್‌ಗೆ ಹೋಗುತ್ತೆ, ನೀಲಿ ವಾರ ವಾಪಸ್ ಬರುತ್ತೆ. ಸಮುದ್ರ ಯಾವಾಗ ಅಂತ ಕೇಳಿದ್ರೆ ಲಭ್ಯತೆಗೆ ಒಳಪಟ್ಟು." ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ ಹೆಂಡತಿಗೆ ಮೆಲ್ಲಗೆ ಅಂದ: "ಈ ವರ್ಷದ್ದೂ ಯಾರಿಗೋ ಕೊಟ್ಟಾಯ್ತಲ್ವೇನೇ?"

"ನಿಮಗ್ಯಾರು ಹೇಳಿದ್ರು?"

"ಟೋಪಿ. ನೀನು ಮೂರು ದಿನದಿಂದ ಚೀಲಾನ ಬೇರೆ ಮೊಳೆಗೆ ಹಾಕ್ತಿದ್ದೀಯಲ್ಲ."

ಬದಲಕ್ಕ ಸುತ್ತಲಿನ ಮೇಜುಗಳನ್ನು ನೋಡಿದಳು. ಈ ಹಾಲಿನಲ್ಲಿ ಕೆಂಪು ವಾರಕ್ಕಾಗಿ ಜನ ಜೀವಮಾನದ ಗಳಿಕೆ ಸುರಿಯಲು ಕೂತಿದ್ದಾರೆ. ಅಂಥದ್ದು ವರ್ಷಕ್ಕೊಂದು ತನ್ನ ಕೈಗೆ ಪುಕ್ಕಟೆ ಬರುತ್ತಿತ್ತು, ತಾನು ಕಡಲೆಪುರಿ ಹಂಚಿದ ಹಾಗೆ ಹಂಚಿದ್ದಳು. ಹಂಚಿದ್ದು ತನ್ನದೊಂದೇ ಆಗಿದ್ದರೆ ಬೇರೆ ಮಾತು. ಪ್ರತಿ ಸಲವೂ ಅರ್ಧ ಈ ಮನುಷ್ಯನದು. ಅವನನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

ಸಮಯ ಸಾಧಿಸಿ ಬರುವುದು ಅಂದರೆ ಇದೇ, ಆಗಲೇ ಫೋನು ಬಡಿದುಕೊಂಡಿತು. ಅವಳಿಯಮ್ಮ. ಹಿಂದೆ ಎರಡು ಗಂಟಲು ಒಟ್ಟಿಗೆ ಕಿರುಚುತ್ತಿದ್ದವು. "ಅಕ್ಕಾ, ಬಸ್ ಟಿಕೆಟ್ ಮಾಡಿಸ್ಲಾ? ಆ ವಾರ ನಂದೇ ತಾನೇ?"

ಬದಲಕ್ಕ ಗಂಡನ ಮುಖ ನೋಡಿದಳು. ಅವನು ಬೇಕಂತಲೇ ಮಹಾಶಯನ ಟೈ ಮೇಲಿನ ದೋಣಿಗಳನ್ನು ನೋಡುತ್ತಿದ್ದ. ನಾಲಿಗೆಯ ತುದಿಗೆ ನೋಡೋಣ ಬಂದು ಕೂತಿತ್ತು. ಆಕೆ ಅದನ್ನು ನುಂಗಿದಳು, ಎಂಜಲ ಜತೆ.

"ಆಗಲ್ಲ ಕಣೇ."

ಆ ಕಡೆ ಮಕ್ಕಳೂ ಸುಮ್ಮನಾದವು ಅನ್ನಿಸಿತು. ಅವಳಿಯಮ್ಮ ಕೇಳಿದಳು: "ಅಕ್ಕಾ, ಹುಷಾರಾಗಿದ್ದೀಯಾ? ಯಾರಾದ್ರೂ ಡಾಕ್ಟರು ಹತ್ರ ಇದ್ದಾರಾ?"

"ಹುಷಾರಾಗಿದ್ದೀನಿ. ಬೇಜಾರು ಮಾಡ್ಕೋಬೇಡ. ಆ ವಾರ ನಾನೂ ನಿಮ್ಮ ಭಾವನೂ ಸಮುದ್ರಕ್ಕೆ ಹೋಗ್ತಿದ್ದೀವಿ." ಹೇಳಿ ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಜೀವಮಾನದ ಮೊದಲ ಇಲ್ಲ ಅಂದರೆ ಸುಮ್ಮನೆಯೇ? ವ್ಯಾನ್ ಮಾಮ ಮುಂದಿದ್ದ ಜ್ಯೂಸನ್ನು ಆಕೆಯ ಕಡೆ ಸರಿಸಿ, ಕಣ್ಣಿಗೆ ಏನೋ ಬಿದ್ದವನ ಹಾಗೆ ಉಜ್ಜಿಕೊಂಡ.

ಆ ಮಧ್ಯಾಹ್ನ ಗಂಟೆ ಮತ್ತೆ ಮೊಳಗಲಿಲ್ಲ. ಹೊರಡುವಾಗ ಡಿನ್ನರ್ ಸೆಟ್ ಕೇಳಿದರೆ ಅದೂ ಲಭ್ಯತೆಗೆ ಒಳಪಟ್ಟಿತ್ತಂತೆ. ಪೋಸ್ಟ್‌ಮಾಸ್ಟರು ಮಾತ್ರ ಮೊದಲೇ ಇಸಿದುಕೊಂಡು ಕುರ್ಚಿ ಕೆಳಗೆ ಇಟ್ಟುಕೊಂಡಿದ್ದರು.

ಅವಳಿಯಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ಹೆರಿಗೆ ವಾರ್ಡಿನ ನರ್ಸಿನ ಹತ್ತಿರ ತಾನೇ ಮಾತಾಡಿ ಬೇರೊಂದು ವಾರ ಗಿಟ್ಟಿಸಿಕೊಂಡಳು. ತಾನಿಲ್ಲದೆಯೂ ಆಸ್ಪತ್ರೆಯಲ್ಲಿ ಬದಲಿ ನಡೆಯುತ್ತೆ ಅಂತ ಗೊತ್ತಾಗಿ ಬದಲಕ್ಕನಿಗೆ ಒಳಗೊಳಗೇ ಚುರುಕ್ ಅಂದಿತು. ಇರಲಿ.

ಗಂಡ ಹೆಂಡತಿ ಕೆಂಪು ವಾರದಲ್ಲಿ ಸಮುದ್ರದ ಊರಿಗೆ ಹೋದರು. ರೆಸಾರ್ಟೆಲ್ಲಿಂದ ಬರಬೇಕು, ಬಸ್ ನಿಲ್ದಾಣದ ಹಿಂದಿನ ಲಾಡ್ಜು. ಕೆಳಮಹಡಿಯ ರೂಮು, ಕಿಟಕಿ ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಚೀಲ ಇಳಿಸುವಷ್ಟರಲ್ಲಿ ಮ್ಯಾನೇಜರು ಕೈ ಉಜ್ಜುತ್ತಾ ಬಂದ.

"ಅಮ್ಮಾ, ಒಂದು ಸಹಾಯ ಆಗಬೇಕಿತ್ತು. ಮೇಲಿನ ರೂಮಿನವರ ನೆಂಟರು ನಿಮ್ಮ ಪಕ್ಕದ ರೂಮಲ್ಲಿದ್ದಾರೆ. ಅಕ್ಕಪಕ್ಕ ಇರೋಣ ಅಂತಾರೆ. ನೀವು ರೂಮು ಬದಲಾಯಿ..."

"ಆಗಲ್ಲ!" ಅಂದಳು ಬದಲಕ್ಕ, ಮಾತು ಮುಗಿಯುವ ಮೊದಲೇ. ಎಂಥ ಗತ್ತು! ಗಂಡನ ಕಡೆ ತಿರುಗಿ, ಹೇಗೆ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ವ್ಯಾನ್ ಮಾಮನಿಗೆ ಎದೆಯುಬ್ಬಿತು.

ಸಂಜೆ ಇಬ್ಬರೂ ಮೊಣಕಾಲುದ್ದ ನೀರಲ್ಲಿ ನಿಂತರು. ಚಪ್ಪಲಿ ದಡದಲ್ಲಿ ಬಿದ್ದಿದ್ದವು, ಯಾರೂ ಕಾಯುತ್ತಿರಲಿಲ್ಲ. ವಾಪಸು ಬಂದು ಒದ್ದೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಬದಲಕ್ಕ ಮೇಲಿನ ರೂಮಿನ ತೆರೆದ ಬಾಗಿಲಿನಿಂದ ಒಳಗೆ ಇಣುಕಿದಳು. ಗೋಡೆಯಗಲದ ಕಿಟಕಿ. ಕಿಟಕಿಯ ತುಂಬಾ ಸಮುದ್ರ. ಮುಳುಗುವ ಸೂರ್ಯನೂ ಅದರೊಳಗೇ.

ಒದ್ದೆ ಸೀರೆ ಕೈಯಲ್ಲೇ ಹಿಡಿದು ಇಳಿದು ಬಂದು ಟ್ಯಾಂಕು ಕಾಣುವ ಕಿಟಕಿಯ ಎದುರು ನೆಲದ ಮೇಲೆ ಧೊಪ್ಪನೆ ಕೂತಳು. "ರೀ, ಇಷ್ಟು ವರ್ಷಕ್ಕೆ ಒಂದೇ ಒಂದು ಒಳ್ಳೇ ಬದಲಿ ಮನೆ ಬಾಗಿಲಿಗೇ ಬಂದಿತ್ತು. ಒದ್ದು ಕಳಿಸಿದೆ ನೋಡಿ! ಹೋಗಿ ಕೇಳ್ಲಾ?"

ಏನಾಯಿತು ಅಂತ ತಿಳಿದ ಮೇಲೆ ವ್ಯಾನ್ ಮಾಮ ನಕ್ಕ. ನಕ್ಕು ನಕ್ಕು ಮಂಚದ ಅಂಚಿನಿಂದ ಜಾರಿ ನೆಲದ ಮೇಲೇ ಆಕೆಯ ಪಕ್ಕ ಕೂತ. ರೂಮಿನ ಮೊಳೆಗೆ ನೇತುಹಾಕಿದ್ದ ಟೋಪಿ ತೆಗೆದು ಆಕೆಯ ತಲೆಗೆ ಹಾಕಿದ.

"ಬೇಡ ಬಿಡೇ. ಸಮುದ್ರಕ್ಕೆ ನಾಳೆ ನಡಕೊಂಡು ಹೋದ್ರಾಯ್ತು. ನನ್ನ ಪಾಲಿಗೆ ಲಭ್ಯ ಇಲ್ಲದೆ ಇದ್ದದ್ದು ಸಮುದ್ರ ಅಲ್ಲ, ನೀನು."